ಐದು ತೋಟದ ಬಂದೂಕು

ಶ್ರೀರಂಗಪಟ್ಟಣದಲ್ಲಿ ನಮ್ಮದು ಲೈಸೆನ್ಸ್ ಇರುವ ಬಂದೂಕು ರಿಪೇರಿ ಅಂಗಡಿ. ಅಪ್ಪನ ಕಾಲದಿಂದ ನೋಡುತ್ತಿದ್ದೇನೆ, ಇಲ್ಲಿಗೆ ಬಂದೂಕು ಕೆಟ್ಟು ಬರುವುದಕ್ಕಿಂತ ಬಂದೂಕಿನವರ ತಲೆ ಕೆಟ್ಟು ಬರುವುದೇ ಹೆಚ್ಚು. ದೇವಲಾಪುರದ ಕಡೆಯ ಒಬ್ಬ ಮಾಜಿ ಸೈನಿಕರಂತೂ ಒಂದೇ ಬಂದೂಕಿನಲ್ಲಿ ನನ್ನನ್ನು ಮೂರು ಸಲ ಸುಸ್ತು ಮಾಡಿದರು.

೧. ಹೆಂಡತಿಯ ಅರ್ಜಿ

ಮೊದಲ ಸಲ ಹೆಂಡತಿಯ ಜೊತೆ ಬಂದರು. ರಾಗಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಇಟ್ಟುಕೊಂಡ ಪಂಪ್ ಬಂದೂಕು. ಒಂದು ಸಲಕ್ಕೆ ಐದು ತೋಟ, ಅಂದರೆ ಕಾಡತೂಸು, ತುಂಬಬಹುದು. ಇವರು ಶುರು ಮಾಡಿದರೆ ಐದೂ ಖಾಲಿಯಾಗುವವರೆಗೆ ಬಿಡುವವರಲ್ಲ. ಹಂದಿಗೆ ಇದುವರೆಗೂ ಏನೂ ಆಗಿಲ್ಲ. ಮನೆಯ ನೀರಿನ ಟ್ಯಾಂಕು ಎರಡು ಸಲ ತೂತಾಗಿದೆ.

"ಆಚಾರ್ರೇ, ಅದ್ರೊಳಕ್ಕೆ ಏನಾರ ತುರುಕ್ಬುಡಿ. ಎಲ್ಡು ಒಡುದ್ಮೇಲಾದ್ರೂ ವಸಿ ಯೋಚ್ನೆ ಮಾಡ್ಲಿ" ಎಂದರು ಆಕೆ.

ತೋಟ ಕೂರುವ ಕೊಳವೆಯೊಳಗೆ ಅಳತೆಗೆ ಸರಿಯಾಗಿ ಒಂದು ಮರದ ಕಡ್ಡಿ ಇಟ್ಟರಾಯಿತು, ಬಂದೂಕು ಎರಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆದರೆ ಲೈಸೆನ್ಸ್ ಯಜಮಾನರದು, ಅವರು ಒಪ್ಪಬೇಕು ಎಂದೆ. ಅವರು ಒಪ್ಪಿದರು. ಹೆಂಡತಿ ಮಾತಿಗೆ ಹಾಕಿಸಿದ್ದು ಅಂತ ಊರಲ್ಲಿ ಗೊತ್ತಾಗಬಾರದು, ಅಷ್ಟೇ ಅಂದರು.

"ಬೆಳಿಗ್ಗೆ ಆಲಿನ ಡೈರಿ ತಾವ್ಲೇ ಎಲ್ರಿಗೂ ಯೋಳ್ಬುಟ್ಟೆ" ಎಂದರು ಆಕೆ.

೨. ಹಂದಿಯ ಲೆಕ್ಕ

ಹದಿನೈದು ದಿನಕ್ಕೆ ಒಬ್ಬರೇ ಬಂದರು. ಟ್ಯಾಂಕು ನೆಟ್ಟಗಿತ್ತು, ಹೊಲ ಮಾತ್ರ ಅರ್ಧ ಉತ್ತಂತಾಗಿತ್ತು. ಹಂದಿಗಳು ಬದುವಿನಾಚೆ ನಿಂತು ಕಾಯುತ್ತವಂತೆ. ಎರಡನೇ ಸದ್ದು ಮುಗಿದ ಮೇಲೆ ಮರಿಗಳ ಸಮೇತ ನಿಧಾನಕ್ಕೆ ಹೊಲಕ್ಕಿಳಿಯುತ್ತವಂತೆ. ಹಾಗಾದರೆ ಕಡ್ಡಿ ತೆಗೆದುಬಿಡಲೇ ಎಂದು ಕೇಳಿದೆ. ಬೇಡವಂತೆ. ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿ ಬಂದಿದ್ದಂತೆ.

"ಅಂದಿ ಜೊತೆ ಎಂಗೋ ಏಗ್ಬೋದು ಆಚಾರ್ರೇ. ಅವು ಬತ್ತವೆ, ಓಯ್ತವೆ. ಇವ್ಳು ಮನೇಲೇ ಇರ್ತಾಳೆ."

೩. ಠಾಣೆಯಲ್ಲಿ

ಆಮೇಲೆ ಚುನಾವಣೆ ಬಂತು. ಅದು ಮುಗಿಯುವ ತನಕ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಒಳಗಿನ ಕಡ್ಡಿ ಕಂಡು ಯಾರಾದರೂ ತಕರಾರು ತೆಗೆದರೆ ಲೈಸೆನ್ಸಿಗೇ ಕುತ್ತು ಎಂದು ಹೆದರಿ ನನ್ನನ್ನೂ ಎಳೆದುಕೊಂಡು ಹೋದರು. ಬರೆದುಕೊಳ್ಳುತ್ತಿದ್ದ ಪೇದೆ ಹೊಸಬರು. ತಲೆ ಎತ್ತದೆ ಹೆಸರು, ಊರು ಕೇಳಿದರು. ಸೈನಿಕರಿಗೆ ತಡೆಯಲಾಗಲಿಲ್ಲ, ಕೇಳುವ ಮೊದಲೇ ನಿಜ ಹೇಳಿಬಿಟ್ಟರು.

"ಐದು ತೋಟ ಇತ್ತು ಸ್ವಾಮಿ. ನಮ್ಮನೆಯವ್ಳು ಎಲ್ಡಕ್ಕೆ ಇಳಿಸ್ಬುಟ್ಲು."

ಪೇದೆ ಪೆನ್ನು ಕೆಳಗಿಟ್ಟರು. ಕುರ್ಚಿ ತೋರಿಸಿದರು, ಕುಡಿಯಲು ನೀರು ಕೊಟ್ಟರು. ಪೇದೆ ತೆಂಗಿನ ತೋಟ, ಬಾಳೆ ತೋಟ ಎಂದು ತಿಳಿದುಕೊಂಡಿದ್ದಾರೆ ಅಂತ ನನಗೆ ಹೊಳೆಯಿತು. ಬಿಡಿಸಿ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ಆಗಿದ್ದು ಆಯ್ತು ಯಜಮಾನ್ರೇ. ಉಳಿದಿರೋ ಎರಡನ್ನಾದ್ರೂ ಇವತ್ತೇ ಮಕ್ಕಳ ಕೈಗೆ ಕೊಟ್ಬಿಡಿ" ಎಂದರು ಪೇದೆ, ಬಹಳ ಮರುಕದಿಂದ.

ಸೈನಿಕರು ಗಾಬರಿಯಿಂದ ಒಮ್ಮೆ ನನ್ನ ಮುಖ ನೋಡಿ, ಅವರ ಕಡೆ ತಿರುಗಿದರು.

"ಮಕ್ಳ ಕೈಗಾ ಸ್ವಾಮಿ? ಸಿಡುದ್ರೆ ಏನ್ಗತಿ?"