ಕೈತೂಕಕ್ಕೆ ತಂದ ವಿಡಿಯೊ ಗೇಮ್

ಹೊಗೆಸೊಪ್ಪನ್ನು ಕೈಯಲ್ಲಿ ಎತ್ತಿ ನೋಡಿಯೇ ಗ್ರೇಡು ಹೇಳುವುದರಲ್ಲಿ ನಮ್ಮೂರಿಗೆಲ್ಲ ನಾನೇ ಪಂಡಿತ. ತೂಕ ಬಂದರೆ ಸತ್ವವುಂಟು, ಹಗುರವಾದರೆ ಬರೀ ತರಗು. ಈ ಮಹಾಶಾಸ್ತ್ರವನ್ನೇ ನಂಬಿಕೊಂಡು, ಏಳನೇ ಕ್ಲಾಸಿನಲ್ಲಿ ಫಸ್ಟ್ ಬಂದ ಮಗಳು ಸುಧಾಳಿಗೆ ವಿಡಿಯೊ ಗೇಮ್ ತರಲು ಹುಣಸೂರಿಗೆ ಹೋದೆ.

ಅಂಗಡಿಯವರು ಎರಡು ಪೆಟ್ಟಿಗೆ ಮುಂದಿಟ್ಟರು. "ಇದು ಹದಿನಾರು ಬಿಟ್. ಪವರ್ ಜಾಸ್ತಿ, ರೇಟೂ ಜಾಸ್ತಿ. ಅದು ಎಂಟು ಬಿಟ್, ಅರ್ಧ ರೇಟು."

ಎರಡನ್ನೂ ಎತ್ತಿ ನೋಡಿದೆ. ದುಬಾರಿಯದು ಹಪ್ಪಳದಷ್ಟು ಹಗುರ! ಅಗ್ಗದ್ದು ಕೈ ಜಗ್ಗುವಷ್ಟು ಭಾರ!

"ಯಾರಿಗೆ ಟೋಪಿ ಆಕ್ತೀರಿ? ಪವರ್ ಇರೋದು ಈ ಅಗ್ಗದ್ರಲ್ಲೇ ಕಣ್ರೀ!" ಎಂದೆ.

"ನಿಮ್ಮಿಷ್ಟ ಸ್ವಾಮಿ," ಎಂದು ಕಟ್ಟಿಕೊಟ್ಟರು. ಪಾಪ, ಈ ಮನುಷ್ಯನಿಗೆ ತನ್ನ ಸಾಮಾನಿನ ಬೆಲೆಯೇ ಗೊತ್ತಿಲ್ಲವಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮರುಗಿದೆ.

ಮನೆಯ ಟಿವಿ ನನ್ನ ಹೆಂಡತಿ ಜಯಳಿಗೆ ಅವಳಪ್ಪ ಕೊಡಿಸಿದ್ದು. ಅದರ ಧೂಳು ಒರೆಸಲೂ ನನಗೆ ಅಪ್ಪಣೆ ಬೇಕು. "ಟಿವಿಗೇನೂ ಆಗಾಕಿಲ್ಲ ತಾನೆ?" ಎಂದು ಮೂರು ಸಲ ಕೇಳಿ ಒಪ್ಪಿದಳು. ವೈರು ಸಿಕ್ಕಿಸಿ, ಗೇಮಿನ ಸ್ವಿಚ್ ಒತ್ತಿದೆ. ಅಷ್ಟೆ! ಟಿವಿ ಒಮ್ಮೆ ಮಿಣುಕಿ ಕಪ್ಪಾಯಿತು.

"ಅಯ್ಯಯ್ಯೋ! ನಮ್ಮಪ್ಪ ಕೊಡ್ಸಿದ್ ಟಿವಿ ಸುಟ್ಟಾಕ್ಬುಟ್ರಲ್ರೀ!"

ಸುಧಾ ಅಳಲು ಶುರು ಮಾಡಿದಳು. ನಾನು ಸ್ವಿಚ್ಚನ್ನು ಮತ್ತೆ ನಾಲ್ಕು ಸಲ ಒತ್ತಿದೆ, ಏನೂ ಬರಲಿಲ್ಲ. ಆದರೂ ಪಂಡಿತನಲ್ಲವೇ! "ಪವರ್ ಜಾಸ್ತಿಯಾಯ್ತು, ಟಿವಿ ತಡೀನಿಲ್ಲ. ಇರು, ಒಸಿ ಕಮ್ಮಿ ಮಾಡ್ತೀನಿ," ಎಂದು ಸ್ಕ್ರೂಡ್ರೈವರ್ ಹಿಡಿದು ಗೇಮಿನ ಪೆಟ್ಟಿಗೆ ಬಿಚ್ಚಿದೆ.

ಒಳಗೆ ಬಿಸ್ಕತ್ತಿನಷ್ಟಗಲದ ಒಂದು ಬೋರ್ಡು, ನಾಲ್ಕು ವೈರು. ಪಕ್ಕದಲ್ಲಿ ಗೋಂದು ಹಾಕಿ ಅಂಟಿಸಿದ ದಪ್ಪನೆಯ ಕಬ್ಬಿಣದ ತುಂಡು! ನಾನು ಎತ್ತಿ ನೋಡಿ ಮೆಚ್ಚಿದ ಪವರ್ ಅದೇ.

ಜಯ ಆ ತುಂಡನ್ನು ನೋಡಿದಳು. ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಮ್ಮ ಬಾಗಿಲಿಗೆ ಬಂದು, "ಜಯಾ, ನಿಮ್ಮನೇಲೂ ಕರೆಂಟ್ ಓಯ್ತಾ? ಮಿಲ್ಲಿಗೆ ಒಯ್ದ ರಾಗಿನ ಅಂಗೇ ವಾಪಸ್ ತಂದೆ ಕಣವ್ವ," ಎಂದರು.

ಕರೆಂಟು ಹೋಗಿದೆಯೇ! ಟಿವಿ ಸುಟ್ಟಿಲ್ಲವೇ! ಅಬ್ಬಾ, ಹೋದ ಜೀವ ಬಂದಂತಾಯಿತು. ಕರೆಂಟು ಹೋದದ್ದಕ್ಕೆ ಇಷ್ಟು ಖುಷಿಪಟ್ಟವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಪುಟ್ಟಮ್ಮನವರ ಕಾಲಿಗೆ ಬೀಳುವುದೊಂದು ಬಾಕಿ!

ಸಂಜೆ ಕರೆಂಟು ಬಂತು, ಟಿವಿಯೂ ಬಂತು, ಜಯಳ ಮಾತೂ ಬಂತು. ಕಬ್ಬಿಣ ಕಿತ್ತ ಪೆಟ್ಟಿಗೆ ಲಕ್ಷಣವಾಗಿ ಓಡಿತು. ಸುಧಾ ನಗುತ್ತಾ ಆಡಿ, ಆಮೇಲೆ ನನ್ನ ಕೈಗೂ ಕೊಟ್ಟಳು. ನನ್ನ ಬೊಂಬೆ ಮೊದಲನೇ ಗುಂಡಿಗೇ ಬಿದ್ದು ಸತ್ತಿತು.

"ಪವರ್ ಸಾಲ್ದು ಕಣವ್ವ ಇದ್ರಲ್ಲಿ," ಎಂದೆ ಗಂಭೀರವಾಗಿ.

"ಅದ್ರಲ್ಲೈತೆ ಕಣಪ್ಪ," ಎಂದಳು ಮಗಳು, "ನಿನ್ ಕೈಯಲ್ಲೇ ಇಲ್ಲ!"