ಭೂತವಲ್ಲ, ಕುಲೆ

ವಾದದಲ್ಲಿ ಗೆದ್ದವರಿಗೆ ಮನೆಯಲ್ಲಿ ಊಟ ತಣ್ಣಗೆ ಸಿಗುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳಲ್ಲಿ ಅಮ್ಮ ಈಗ ಸೂಜಿ, ಗುಂಡಿ, ತುಂಡು ಕ್ಯಾಂಡಲು ಇಡುತ್ತಾಳೆ. ಅಷ್ಟರಮಟ್ಟಿಗೆ ಅವು ಉಪಯೋಗಕ್ಕೆ ಬಂದಿವೆ. ದೆವ್ವವಿಲ್ಲ ಎಂದು ನಾನು ಯಾರೆದುರಿಗೂ ಸಾಧಿಸಬಲ್ಲೆ. ಆದರೂ ಪಾಳು ಬಂಗಲೆ, ಬೀಗ ಜಡಿದ ಕೋಣೆ, ತಾನಾಗಿ ಕಿರುಗುಟ್ಟುವ ಮೆಟ್ಟಿಲು ಇರುವ ಹಳೆಯ ಭಯಾನಕ ಕಾದಂಬರಿ ಸಿಕ್ಕಿದರೆ ಬಿಡುವವಳಲ್ಲ.

ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಅಂಥದೊಂದನ್ನು ಸಂಜೆ ಚಹಾದ ಹೊತ್ತಿಗೆ ಅವಳಿಗೆ ಓದಿ ಹೇಳತೊಡಗಿದೆ. ಬಂಗಲೆಯ ದೊರೆ ದೊಡ್ಡ ಓದಿನವನು. ಮುದುಕಿ ಕೆಲಸದವಳು "ಆ ಕೋಣೆ ತೆರೆಯಬೇಡಿ" ಎಂದರೆ ನಗುವವನು. "ಇವನಿಗೆ ಉಂಟು ಇವತ್ತು," ಎಂದು ಅಮ್ಮ ರಸ್ಕು ಅದ್ದುತ್ತಿದ್ದಳು. ದೊರೆ ಬೀಗಕ್ಕೆ ಕೀಲಿ ಹಾಕುವ ಪುಟದಲ್ಲಿ ಗಬಕ್ಕನೆ ನನ್ನ ಕೈ ಹಿಡಿದಳು. ಅಲ್ಲಿಗೆ ನನ್ನೊಳಗಿನ ಚರ್ಚಾಪಟು ಎದ್ದು ನಿಂತಳು.

"ಹೆದರುವುದೆಂತಕ್ಕೆ? ಭೂತ ಅಂತ ಇಲ್ಲವೇ ಇಲ್ಲ. ಎಲ್ಲ ಕಟ್ಟುಕಥೆ."

ಅಮ್ಮ ಕೈ ಬಿಟ್ಟಳು. ನಾನು ಪುಸ್ತಕದ ಕನ್ನಡದಲ್ಲಿ ದೆವ್ವವನ್ನು ಭೂತವೆಂದಿದ್ದೆ. ನಮ್ಮ ತುಳು ಮನೆಯಲ್ಲಿ ಭೂತವೆಂದರೆ ದೈವ, ತಲೆಮಾರುಗಳಿಂದ ಮನೆ ಕಾಯುವುದು. ಸತ್ತು ಅಲೆಯುವುದು ಕುಲೆ.

"ನೀನು ಹೊಟ್ಟೆಯಲ್ಲಿದ್ದಾಗ ಗಲ್ಫಿನಿಂದ ನಿನ್ನ ಅಪ್ಪನ ಫೋನಿಲ್ಲ, ಕಾಗದ ಇಲ್ಲ, ಆರು ತಿಂಗಳು. ಆಗ ನಾನು ಯಾರ ಹತ್ತಿರ ಮಾತಾಡಿದ್ದು ಗೊತ್ತುಂಟಾ ನಿನಗೆ? ಕಟ್ಟುಕಥೆಯಂತೆ! ಮುಚ್ಚು ಪುಸ್ತಕ."

ಮೂರು ದಿನ ಪುಸ್ತಕ ಮುಚ್ಚಿಯೇ ಇತ್ತು. ಅಮ್ಮ ಬೈಯಲಿಲ್ಲ, ಅದೇ ಭಯಾನಕ. ಬಡಿಸುವಾಗ ಸೌಟಿಗೆ ಹೇಳುತ್ತಿದ್ದಳು: "ಬೇಕಾದವರು ಹಾಕಿಕೊಳ್ಳಬಹುದು." ಇದು ಬರೀ ಶಬ್ದಾರ್ಥದ ಗೊಂದಲ ಎಂದು ನಾನು ವಾದಿಸಿದೆ. ಸೌಟು ಒಪ್ಪಲಿಲ್ಲ.

ನಾಲ್ಕನೆಯ ಸಂಜೆ ಮನೆಗೆ ಬರುವಾಗ ಕೂಳೂರು ಸೇತುವೆಯ ಮೇಲೆ ಬಸ್ಸು ಎಂದಿನಂತೆ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತು. ಕಿಟಕಿಗೆ ತಲೆಯಿಟ್ಟು ಆ ದೊರೆಯನ್ನೇ ಯೋಚಿಸಿದೆ. ದೆವ್ವವನ್ನು ನಂಬದ್ದು ಅವನ ತಪ್ಪಲ್ಲ, ಅದರಲ್ಲಿ ನಾನು ಈಗಲೂ ಅವನ ಪರ. ಮುದುಕಿಗೆ ಯಾಕೆ ಭಯವೆಂದು ಒಂದು ಮಾತು ಕೇಳದ್ದು ತಪ್ಪು. ಆ ಕೋಣೆಯಲ್ಲಿ ಯಾರೋ ಅತ್ತಿರಬೇಕು, ಅದು ಅವಳಿಗೆ ಗೊತ್ತಿದ್ದಿರಬೇಕು. ಇಂಥ ಕಥೆಗಳು ನೂರಾರು ವರ್ಷ ಬದುಕಿರುವುದು ಬಹುಶಃ ಇದಕ್ಕೇ: ದೆವ್ವ ನೆಪ, ಮನೆಯವರು ಕೇಳಿಸಿಕೊಳ್ಳದ ಅಳುವೇ ಒಳಗಿನ ವಿಷಯ. ಮತ್ತು ಅವುಗಳಲ್ಲಿ ಮೊದಲು ಸಾಯುವವನು ಯಾವಾಗಲೂ "ಹಾಗೆಲ್ಲ ಏನೂ ಇಲ್ಲ" ಎನ್ನುವ ವಿದ್ಯಾವಂತ. ನನಗೆ ಸ್ವಲ್ಪ ಬೆವರಿತು.

ಮನೆಗೆ ಬಂದವಳೇ ಕೇಳಿದೆ: "ಅಮ್ಮಾ, ಆ ಆರು ತಿಂಗಳು ಎಂತ ಮಾತಾಡಿದ್ದು ನೀನು?"

ಅಮ್ಮ ಸೌಟು ಕೆಳಗಿಟ್ಟಳು. "ಎಂತ ಮಾತಾಡುವುದು? ಭೂತದ ಹತ್ತಿರ ಜಗಳ. ದಿನಾ ದೀಪ ಇಡ್ತೇನೆ, ಒಂದು ಫೋನು ಮಾಡಿಸಲಿಕ್ಕೆ ಆಗುವುದಿಲ್ಲವಾ ನಿಮಗೆ, ಅಂತ." ಅವಳು ಒಲೆಯ ಕಡೆ ತಿರುಗಿದಳು. "ಬೇರೆ ಯಾರ ಹತ್ತಿರ ಜಗಳ ಮಾಡುವುದು ಮಾರಾಯ್ತಿ?"

ವಾದ ನನಗೆ ಯಾರಿಂದ ಬಂತೆಂದು ಅಂದು ತಿಳಿಯಿತು. ಅವಳು ಹೇಳಿ ಮುಗಿಸುವವರೆಗೆ ನಾನು ಒಮ್ಮೆಯೂ "ಆದರೆ" ಎನ್ನಲಿಲ್ಲ. ಅದಕ್ಕೊಂದು ಕಪ್ಪು ಯಾರೂ ಕೊಡುವುದಿಲ್ಲ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಇಟ್ಟಳು. "ಓದು ಇನ್ನು. ಆ ಕೋಣೆಯಲ್ಲಿ ಎಂತ ಉಂಟು?"

"ಭೂ..." ಎಂದೆ. ಅಮ್ಮ ತಲೆಯೆತ್ತಿದಳು.

"ಕುಲೆ," ಎಂದೆ.

ಇಲ್ಲದ ವಸ್ತುವಿನ ಹೆಸರನ್ನು ಇಷ್ಟು ಎಚ್ಚರದಿಂದ ಹೇಳುವ ವಿಚಾರವಾದಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.