ನರದ ಚೀಟಿ

ಆ ಬೆಳಿಗ್ಗೆ ಅಂಗಿಯ ಮೂರನೇ ಗುಂಡಿ ಹಾಕಿಕೊಳ್ಳಲು ಅಮರನಾಥನಿಗೆ ನಾಲ್ಕು ನಿಮಿಷ ಹಿಡಿಯಿತು. ಗುಂಡಿ ಇನ್ನೇನು ತೂತಿಗೆ ಬಂತು ಅನ್ನುವಷ್ಟರಲ್ಲಿ ಹೊರಗೆ ಬಸ್ಸು ಹಾರ್ನ್ ಹೊಡೆಯುವುದು, ಇವನ ಕೈ ಬೆಚ್ಚಿ ಜಾರುವುದು. ಹೀಗೇ ನಡೆದಿತ್ತು.

ಬೆಚ್ಚದೆ ಏನು ಮಾಡೀತು ಪಾಪ! ಮನೆಯ ಎಡಕ್ಕೆ ಆಳಂದದ ಬಸ್ ನಿಲ್ದಾಣ, ಬಲಕ್ಕೆ ಅವನು ಆಳುಗಳ ಮೇಲೆ ಮುಕಾದಮನಾಗಿದ್ದ ತೊಗರಿಬೇಳೆ ಮಿಲ್ಲು. ಹಗಲೆಲ್ಲ ಯಂತ್ರದ ಗಡಗಡ, ಮಾಲಕನ ಫೋನು, ಲಾರಿಯವರ ಅವಸರ. ಒಂಬತ್ತು ವರ್ಷದಲ್ಲಿ ಅವನು ನೆಟ್ಟಗೆ ಕೂತು ಉಂಡದ್ದೇ ಕಡಿಮೆ. ಈಚೆಗೆ ಕುಕ್ಕರ್ ಸೀಟಿ ಹೊಡೆದರೂ ಎದೆ ಬಾಯಿಗೆ ಬರುತ್ತಿತ್ತು.

ಆದರೆ ಅವತ್ತು ಕೈ ನಡುಗುವಂತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಜೇವರ್ಗಿಯಿಂದ ಹೆಣ್ಣಿನ ತಂದೆ ಬಸವಂತರಾಯರು ಮನೆ ನೋಡಲು ಬರುವವರಿದ್ದರು. ಐದು ಸಂಬಂಧ ತಪ್ಪಿದ ಮೇಲೆ, ಮೂವತ್ತನಾಲ್ಕು ತುಂಬಿದ ಮೇಲೆ ಸಿಕ್ಕ ಹುಡುಗಿ ಭಾಗ್ಯಜ್ಯೋತಿ. ಹೋದ ವಾರ ನೋಡಲು ಹೋದಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಅವತ್ತಿನಿಂದ ಮಿಲ್ಲಿನ ಸದ್ದಿನೊಳಗೂ ಅಮರನಾಥನಿಗೆ ಆ ನಗುವೇ ಕೇಳುತ್ತಿತ್ತು. ಈಗ ಬೀಗರಾಗುವವರ ಮುಂದೆ ಕೈ ನಡುಗಿದರೆ ಕುಡುಕ ಅಂದುಕೊಂಡಾರು ಎಂಬ ಭಯ ಹೊಕ್ಕು, ದವಾಖಾನೆಗೆ ಓಡಿದ.

ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಡಾಕ್ಟರ್ ನಿಶಾತ ನಾಡಿ ಹಿಡಿದು ನೋಡಿದರು. “ತೊಗರಿ ಹೊಲದಾಗ ಹಾವು ಕಂಡ್ರ ಮೈ ಜುಂ ಅಂತದಲ್ರಿ? ಹಾವು ಹೋದ ಮ್ಯಾಲ ನರ ತಣ್ಣಗಾಗ್ಬೇಕು. ನಿಮ್ಮ ಹಾವು ಹೋಗೋದೇ ಇಲ್ಲ. ಹಾರ್ನ್ ಹೊಡದ್ರೂ ಹಾವೇ, ಫೋನ್ ಬಂದ್ರೂ ಹಾವೇ. ನರ ದಣದಾವ, ಅಷ್ಟ. ರೋಗಗೀಗ ಏನಿಲ್ರಿ.”

ಅಮರನಾಥನಿಗೆ ಅರ್ಧ ಜೀವ ಬಂತು. ಉಳಿದರ್ಧ ಬರುವ ಮೊದಲೇ ಕಂಪೌಂಡರ್ ಲಾಡ್ಲೆಸಾಬ ಪೊಟ್ಟಣ ಎತ್ತಿ ಹಿಡಿದ. ಅವನಿಗೆ ಕಿವಿ ಮಂದ, ಹಾಗಾಗಿ ಊರಿಗೆಲ್ಲ ಮಂದ ಎಂದು ತಿಳಿದು ಕೂಗುತ್ತಿದ್ದ.

“ನರದ ಗುಳಿಗಿ ಯಾರ್ದ್ರಿ? ಮಿಲ್ಲಿನ ಅಮರನಾಥಂದೇನ್ರಿ?”

ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ಅವರೊಳಗೆ ಎದುರುಮನೆಯ ಪಾನ್ ಅಂಗಡಿ ದತ್ತಪ್ಪನೂ ಇದ್ದ.

ನಮ್ಮ ಕಡೆ ‘ನರ’ ಎಂಬ ಶಬ್ದವನ್ನು ಗೋಡೆಗಳು ಕೆಡಿಸಿಟ್ಟಿವೆ. ಆಳಂದದಿಂದ ಅಫಜಲಪುರದ ತನಕ ಯಾವ ಕಾಂಪೌಂಡ್ ನೋಡಿದರೂ ‘ನರ ದೌರ್ಬಲ್ಯಕ್ಕೆ ಗ್ಯಾರಂಟಿ ಇಲಾಜು, ಪ್ರತಿ ಗುರುವಾರ, ಲಾಡ್ಜ್ ರೂಮ್ ನಂಬರ್ ಏಳು’ ಎಂದು ಬರೆದಿರುತ್ತದೆ. ಗಂಡಸರು ಮುಖಕ್ಕೆ ಟಾವೆಲ್ ಸುತ್ತಿಕೊಂಡು ಆ ಮೆಟ್ಟಿಲು ಯಾಕೆ ಹತ್ತುತ್ತಾರೆ, ಅವರ ಹೆಂಡಂದಿರು ಯಾಕೆ ತವರಿಗೆ ಹೋಗಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ನಾವು ಬಾಯಿಬಿಟ್ಟು ಬೇರೆ ಹೆಸರು ಹೇಳುವುದಿಲ್ಲ.

ದತ್ತಪ್ಪ ಹೊರಗೆ ಬಂದು ಅಮರನಾಥನ ಹೆಗಲ ಮೇಲೆ ಕೈ ಇಟ್ಟ. “ಹೆದರಬ್ಯಾಡಪ್ಪಾ. ನಾ ಯಾರ ಮುಂದೂ ಹೇಳಂಗಿಲ್ಲ.”

ಅಮರನಾಥನಿಗೆ ಹೆದರಿಕೆ ಹತ್ತಿದ್ದೇ ಆಗ.

ಅವನು ಓಣಿಗೆ ಕಾಲಿಡುವಷ್ಟರಲ್ಲಿ ಸುದ್ದಿ ಮುಂದೆ ಹೋಗಿತ್ತು. ಕ್ಷೌರದ ಹುಸೇನಪೀರ ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಬಂದು ಕಿವಿಯಲ್ಲಿ, “ಖರ್ಜೂರ ಹಾಲಾಗ ಕುದಿಸಿ ತಗೋ ಭಾಯಿ” ಎಂದ. ಮನೆಯಲ್ಲಿ ತಾಯಿ ಗುರುಶಾಂತಮ್ಮ ಕಂಗಾಲಾಗಿ ನಿಂತಿದ್ದಳು. “ಹಿಂದಿನ ಮನಿ ಬೀಬಿಜಾನ ಬಂದು ಜೇನುತುಪ್ಪ, ಬೆಳ್ಳುಳ್ಳಿ ಕೊಟ್ಟು ಹೋದ್ಳೋ. ಯಾಕವ್ವಾ ಅಂದ್ರ ಸುಮ್ಮ ಅಳಾಕತ್ತಿದ್ಲು. ಏನಾಗ್ಯಾದೋ ನಿನಗ?”

“ಏನೂ ಆಗಿಲ್ಲ! ಅವಾಜಿಗೆ ನರ ದಣದಾವ ಅಂತ ಡಾಕ್ಟರ್ ಹೇಳ್ಯಾರ, ಅಷ್ಟ!”

ನರ ಎಂಬ ಮಾತು ಕೇಳಿದ್ದೇ ತಾಯಿ ಕಂಬ ಹಿಡಿದು ಕೂತಳು. ಕಿಟಕಿಯಿಂದ ದತ್ತಪ್ಪನ ಧ್ವನಿ ಬಂತು.

“ಜೇವರ್ಗಿಯವ್ರು ಪಾನ್ ತಿನ್ನಾಕ ನನ್ನ ಅಂಗಡಿಗೇ ಬರ್ತಾರ. ಹುಡುಗ ಹೆಂಗ ಅಂತ ಕೇಳೇ ಕೇಳ್ತಾರ. ನಾ ಲಿಂಗ ಕಟ್ಟಿದಾವ, ಸುಳ್ಳು ಹೆಂಗ ಹೇಳ್ಲಪ್ಪಾ?”

ಎರಡೂಮುಕ್ಕಾಲು ಆಗಿತ್ತು. ಅಮರನಾಥ ಮತ್ತೆ ದವಾಖಾನೆಗೆ ಓಡಿದ. “ಡಾಕ್ಟರ್, ನನ್ನ ನರ ಬರೋಬ್ಬರಿ ಅದಾವಂತ ಬರದುಕೊಡ್ರಿ. ಕನ್ನಡದಾಗೇ ಬರೀರಿ. ಯಾಕಂತ ಕೇಳಬ್ಯಾಡ್ರಿ, ಟೈಮಿಲ್ಲ!”

ಡಾಕ್ಟರು ಬರೆದರು. ಅಮರನಾಥ ಮೊದಲ ಸಾಲು ಓದಿದ: ‘ಇವರ ನರಗಳಲ್ಲಿ ಯಾವ ದೋಷವೂ ಇಲ್ಲ.’ ಅಷ್ಟು ಸಾಕಿತ್ತು. ಚೀಟಿ ಕಿಸೆಗಿಟ್ಟು ಓಡಿದ.

ಮನೆ ಮುಂದೆ ಜೀಪು ನಿಂತಿತ್ತು. ಬಸವಂತರಾಯರು ಒಳಗೆ ಕೂತು ಪಾನ್ ಅಗಿಯುತ್ತಿದ್ದರು. ಪಾನ್ ಕಂಡೊಡನೆ, ದತ್ತಪ್ಪ ಎಲ್ಲ ಹೇಳಿಬಿಟ್ಟಿದ್ದಾನೆ ಎಂದೇ ಅಮರನಾಥನಿಗೆ ಅನಿಸಿತು. ಬಾಗಿಲ ತುಂಬ ಓಣಿಯ ಮಂದಿ ನಿಂತಿತ್ತು, ಎಲ್ಲರಿಗಿಂತ ಮುಂದೆ ದತ್ತಪ್ಪ.

“ಮನಿ ನೋಡಿದ್ವಿ, ಛಲೋ ಅದ,” ಬಸವಂತರಾಯರು ಗಂಟಲು ಸರಿಪಡಿಸಿಕೊಂಡರು. “ಆದ್ರ ನಿಮ್ಮ ಬಗ್ಗೆ ಒಂದು ಮಾತು ಕಿವಿಗೆ ಬಿದ್ದದ. ನಿಮ್ಮ ಬಾಯಿಲೇ ಕೇಳ್ಬೇಕಂತ...”

“ಸುಳ್ಳ್ರಿ! ಶುದ್ಧ ಸುಳ್ಳು!” ಅಮರನಾಥ ಚೀಟಿ ತೆಗೆದು ಅವರ ಕೈಗೆ ತುರುಕಿದ. “ಡಾಕ್ಟರ್ ಸಹಿ ಮಾಡ್ಯಾರ. ಎಲ್ಲಾರಿಗೂ ಕೇಳೋ ಹಂಗ ಓದ್ರಿ!”

ಬಸವಂತರಾಯರು ತಬ್ಬಿಬ್ಬಾಗಿ ಕನ್ನಡಕ ಹಾಕಿಕೊಂಡು ಓದಿದರು. “‘ಇವರ ನರಗಳಲ್ಲಿ ಯಾವ ದೋಷವೂ ಇಲ್ಲ.’” ಅಮರನಾಥ ದತ್ತಪ್ಪನ ಕಡೆ ನೋಡಿ ಎದೆ ಸೆಟೆಸಿದ. “‘ಸುತ್ತಲಿನ ಸದ್ದು, ಅವಸರಗಳೇ ಇವರ ನಡುಕಕ್ಕೆ ಕಾರಣ. ಆದ್ದರಿಂದ ಮಿಲ್ಲಿನ ಕೆಲಸವನ್ನೂ ಈಗಿರುವ ಮನೆಯನ್ನೂ ಕೂಡಲೇ ಬಿಡತಕ್ಕದ್ದು. ಒಂದು ವರ್ಷದವರೆಗೆ ಮದುವೆ, ಮೆರವಣಿಗೆ ಮುಂತಾದ ಗದ್ದಲಗಳಿಂದ...’” ಅವರ ಧ್ವನಿ ಸಣ್ಣದಾಯಿತು. “‘...ದೂರ ಇರತಕ್ಕದ್ದು.’”

ಚೀಟಿಯನ್ನು ನಿಧಾನವಾಗಿ ಮಡಿಚಿ ತಾವು ಕೂತಿದ್ದ ಹಾಸಿಗೆಯ ಮೇಲಿಟ್ಟರು.

“ಮಾಲಕರು ನಿಮಗ ಮ್ಯಾನೇಜರ್ ಮಾಡ್ತಾರಂತ ಕೇಳಿದ್ವಿ. ಖರೆ ಇದ್ರ ಇವತ್ತೇ ಸಕ್ಕರಿ ಹಂಚಿ ಸಂಬಂಧ ಗಟ್ಟಿ ಮಾಡೋಣಂತ ಬಂದಿದ್ವಿ. ಆ ಮಾತು ಸುಳ್ಳಂತ ನೀವೇ ಹೇಳಿದ್ರಿ. ಈಗ ಇದ್ದ ಕೆಲಸಾನೂ ಬಿಡೋರು!” ಎದ್ದು ಕೈಮುಗಿದರು. “ಬರ್ತೇವ್ರಿ.” ಸಕ್ಕರೆ ಚೀಲ ಬಂದಂತೆಯೇ ಜೀಪು ಹತ್ತಿತು.

ಅಮರನಾಥನಿಗೆ ಕೂಗಿ ಅಳಬೇಕೆನಿಸಿತು. ದತ್ತಪ್ಪ ಮಾತ್ರ ಓಣಿಯ ಕಡೆ ತಿರುಗಿ ಕೈ ಎತ್ತಿದ. “ಕೇಳಿದ್ರಲ್ರಿ? ನಂದೇನೂ ತಪ್ಪಿಲ್ಲ. ಮದುವಿಯಿಂದ ದೂರ ಇರ್ಬೇಕಂತ ಡಾಕ್ಟರೇ ಸಹಿ ಮಾಡಿ ಕೊಟ್ಟಾರ!”

ಗುರುಶಾಂತಮ್ಮ ಚೀಟಿ ಹಿಡಿದು ಮಗನ ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು. “ಎಪ್ಪಾ, ಹೆತ್ತವ್ವನ ಮುಂದರೆ ಹೇಳು. ಇದ್ರಾಗ ಬರದದ್ದು ಖರೆ ಏನೋ, ಸುಳ್ಳೇನೋ?”

ಖರೆ ಅಂದರೆ ಮದುವೆ ಇಲ್ಲ. ಸುಳ್ಳು ಅಂದರೆ ಮೊದಲ ಸಾಲೂ ಸುಳ್ಳು. ಓಣಿಯ ಮಂದಿಯೆಲ್ಲ ಅವನ ಬಾಯಿಯನ್ನೇ ನೋಡುತ್ತಿತ್ತು.